ಎಪ್ಪತ್ತಾರು ಸೀಟಿನ ಲೆಕ್ಕ: ಸಣ್ಣ ಜೆಟ್‌ಗಳೂ ಅವುಗಳಲ್ಲಿ ದುಡಿಯುವವರೂ

ತೀರ್ಥಹಳ್ಳಿಯಿಂದ ಉಡುಪಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಆಗುಂಬೆ ಘಾಟಿಯನ್ನು ಇಳಿಯುವುದು ಮಿನಿ ಬಸ್ಸು. ಅಲ್ಲಿನ 14 ಹೇರ್‌ಪಿನ್ ತಿರುವುಗಳಿಗೆ ದೊಡ್ಡ ಬಸ್ಸಿನ ಉದ್ದ ಒಗ್ಗುವುದಿಲ್ಲ. ಚಿಕ್ಕ ಬಸ್ಸಾದರೆ ಖರ್ಚೂ ಚಿಕ್ಕದು ಎಂದು ಹೊರಗಿನವರು ಭಾವಿಸಬಹುದು. ಬಸ್ಸಿನ ಮಾಲೀಕರನ್ನು ಕೇಳಿದರೆ ಬೇರೆಯದೇ ಲೆಕ್ಕ ಹೇಳುತ್ತಾರೆ. ಐವತ್ತು ಸೀಟಿನ ಬಸ್ಸಿಗೂ ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಅದರ ಅರ್ಧದಷ್ಟು ಸೀಟಿರುವ ಮಿನಿ ಬಸ್ಸಿಗೂ ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಡೀಸೆಲ್ ಸ್ವಲ್ಪ ಉಳಿಯುತ್ತದೆ, ಆದರೆ ಅರ್ಧಕ್ಕೆ ಇಳಿಯುವುದಿಲ್ಲ. ಹೀಗಾಗಿ ಪ್ರತಿ ಸೀಟಿನ ತಲೆಯ ಮೇಲೆ ಬೀಳುವ ವೆಚ್ಚ ಮಿನಿ ಬಸ್ಸಿನಲ್ಲೇ ಹೆಚ್ಚು. ಆ ಹೆಚ್ಚಿನ ವೆಚ್ಚ ಮೂರರಲ್ಲಿ ಒಂದು ಕಡೆಯಿಂದ ಹುಟ್ಟಬೇಕು: ಟಿಕೆಟ್ ದರ ಏರಬೇಕು, ಇಲ್ಲವೇ ನಿಂತು ಪ್ರಯಾಣಿಸುವವರನ್ನು ತುಂಬಿಸಬೇಕು, ಅದೂ ಆಗದಿದ್ದರೆ ಡ್ರೈವರ್ ಮತ್ತು ಕಂಡಕ್ಟರ್ ಸಂಬಳದಲ್ಲಿ ಹಿಡಿಯಬೇಕು.

ಸಣ್ಣ ವಿಮಾನದ ಅರ್ಥಶಾಸ್ತ್ರವೂ ಬಹುಮಟ್ಟಿಗೆ ಇಷ್ಟೇ. ಒಂದು ವ್ಯತ್ಯಾಸವೆಂದರೆ ವಿಮಾನದಲ್ಲಿ ಯಾರನ್ನೂ ನಿಲ್ಲಿಸಿಕೊಂಡು ಹೋಗುವಂತಿಲ್ಲ.

ಶಿವಮೊಗ್ಗ ನಗರದ ಹೊರಗೆ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಈ ನಿಲ್ದಾಣದ ನಿರ್ವಹಣೆಯನ್ನು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಒಪ್ಪಿಸದೆ ರಾಜ್ಯ ಸರ್ಕಾರವು ತನ್ನದೇ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮದ ಮೂಲಕ ನಡೆಸಲು ತೀರ್ಮಾನಿಸಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊ ಸಂಸ್ಥೆಯ ಎಟಿಆರ್ ಎಂಬ ಸಣ್ಣ ಪ್ರೊಪೆಲರ್ ವಿಮಾನ ಬಂದಿಳಿಯುವುದರೊಂದಿಗೆ ವಾಣಿಜ್ಯ ಹಾರಾಟ ಆರಂಭವಾಯಿತು. ನವೆಂಬರ್‌ನಲ್ಲಿ ಎಂಬ್ರೇಯರ್ ಕಂಪನಿಯ ಸಣ್ಣ ಜೆಟ್‌ಗಳನ್ನು ಹಾರಿಸುವ ಸ್ಟಾರ್ ಏರ್ ಸಂಸ್ಥೆ ಹೈದರಾಬಾದ್, ತಿರುಪತಿ ಮತ್ತು ಗೋವಾಗಳಿಗೆ ಸಂಪರ್ಕ ಕಲ್ಪಿಸಿತು. ಇಲ್ಲಿನ ರನ್‌ವೇ 3,200 ಮೀಟರ್ ಉದ್ದವಿದೆ. ಏರ್‌ಬಸ್ ಮತ್ತು ಬೋಯಿಂಗ್‌ಗಳು ಆರಾಮವಾಗಿ ಇಳಿಯಬಲ್ಲ ಉದ್ದವದು. ಎಟಿಆರ್‌ಗೆ ಅದರ ಅರ್ಧ ಸಾಕು. ಅಂದರೆ ಆಗುಂಬೆಯ ಪರಿಸ್ಥಿತಿ ಇಲ್ಲಿ ತಿರುವುಮುರುವಾಗಿದೆ. ಅಲ್ಲಿ ದಾರಿ ಕಿರಿದಾದ್ದರಿಂದ ಬಸ್ಸು ಚಿಕ್ಕದು. ಇಲ್ಲಿ ದಾರಿ ಹೆದ್ದಾರಿಯಷ್ಟು ವಿಶಾಲವಾಗಿದ್ದರೂ ಬರುವ ವಿಮಾನ ಚಿಕ್ಕದು.

ಏಕೆ ಚಿಕ್ಕದು ಎಂಬ ಪ್ರಶ್ನೆಗೆ ಪ್ರಯಾಣಿಕರ ಕೊರತೆ ಎಂಬ ಉತ್ತರ ಅರ್ಧ ಮಾತ್ರ ನಿಜ. ದಿನಕ್ಕೆ 150 ಮಂದಿ ಹೈದರಾಬಾದಿಗೆ ಹೋಗುತ್ತಾರೆಂದು ಇಟ್ಟುಕೊಳ್ಳೋಣ. ಅವರನ್ನೆಲ್ಲ 186 ಸೀಟಿನ ಏರ್‌ಬಸ್‌ನಲ್ಲಿ ಒಂದೇ ಸಲ ಕರೆದೊಯ್ಯಬಹುದು, ಅಥವಾ 76 ಸೀಟಿನ ಸಣ್ಣ ಜೆಟ್‌ನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆದೊಯ್ಯಬಹುದು. ವೆಚ್ಚ ಕಡಿಮೆಯಾಗುವುದು ಮೊದಲನೆಯದರಲ್ಲಿ. ಆದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳಬೇಕಾದ ವ್ಯಾಪಾರಿಗೆ, ಆಸ್ಪತ್ರೆಯ ಸಮಯ ಗೊತ್ತುಮಾಡಿಕೊಂಡ ರೋಗಿಗೆ, ಮುಂದೆ ದುಬೈ ವಿಮಾನ ಹಿಡಿಯಬೇಕಾದವರಿಗೆ ದಿನಕ್ಕೊಂದೇ ಹಾರಾಟ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಮತ್ತು ಟಿಕೆಟ್‌ಗೆ ಹೆಚ್ಚು ಹಣ ಕೊಡಲು ಸಿದ್ಧರಿರುವವರು ಇವರೇ. ವಿಮಾನಯಾನ ಕಂಪನಿಗಳು ಸಣ್ಣ ವಿಮಾನವನ್ನು ಆರಿಸಿಕೊಳ್ಳುವುದು ಹೆಚ್ಚಾಗಿ ದಿನಕ್ಕೆ ಎರಡು ಬಾರಿ ಬಂದುಹೋಗುವ ಈ ಅನುಕೂಲಕ್ಕಾಗಿ.

ಬೆಂಗಳೂರಿನ ಮಾರ್ಗದ ಮಾತು ಬೇರೆ. ಶಿವಮೊಗ್ಗದಿಂದ ಬೆಳಗಿನ ರೈಲು ಹತ್ತಿದರೆ ಐದು ಗಂಟೆಯ ಆಸುಪಾಸಿನಲ್ಲಿ ಬೆಂಗಳೂರು ಸಿಗುತ್ತದೆ, ಅದೂ ನಗರದ ಒಳಗೇ. ವಿಮಾನ ಒಂದು ಗಂಟೆಯಲ್ಲಿ ತಲುಪಿಸುವುದು ದೇವನಹಳ್ಳಿಯ ಬಳಿಗೆ. ಮುಂಚಿತವಾಗಿ ಹೋಗಿ ಕಾಯುವ ಹೊತ್ತನ್ನೂ ಅಲ್ಲಿಂದ ಊರೊಳಗೆ ಬರುವ ಹೊತ್ತನ್ನೂ ಕೂಡಿಸಿದರೆ ಉಳಿಯುವ ಸಮಯ ಹೇಳಿಕೊಳ್ಳುವಷ್ಟಿಲ್ಲ. ಆದ್ದರಿಂದ ಈ ಮಾರ್ಗದ ಟಿಕೆಟ್ ದರಕ್ಕೆ ರೈಲಿನ ಟಿಕೆಟ್ಟೇ ಲಗಾಮು ಹಾಕುತ್ತದೆ. ಮಿನಿ ಬಸ್ಸಿನ ಮಾಲೀಕನಿಗಿದ್ದ ಮೊದಲ ದಾರಿ, ಅಂದರೆ ದರ ಏರಿಸುವುದು, ಇಲ್ಲಿ ಬಹುತೇಕ ಮುಚ್ಚಿದೆ.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ಈ ಗಾತ್ರದ ಯಾವ ಪ್ರಯಾಣಿಕ ವಿಮಾನಕ್ಕಾದರೂ ಇಬ್ಬರು ಪೈಲಟ್‌ಗಳು ಬೇಕು. 186 ಸೀಟಿನ ಏರ್‌ಬಸ್‌ನಲ್ಲಿ ಒಬ್ಬ ಪೈಲಟ್‌ನ ಸಂಬಳ 93 ಸೀಟುಗಳಿಗೆ ಹಂಚಿಹೋಗುತ್ತದೆ. 78 ಸೀಟಿನ ಎಟಿಆರ್ 72ರಲ್ಲಿ ಅದು 39 ಸೀಟುಗಳಿಗೆ, 76 ಸೀಟಿನ ಎಂಬ್ರೇಯರ್ ಇ175ರಲ್ಲಿ 38ಕ್ಕೆ, 50 ಸೀಟಿನ ಎಂಬ್ರೇಯರ್ 145ರಲ್ಲಿ ಕೇವಲ 25ಕ್ಕೆ ಹಂಚಿಹೋಗುತ್ತದೆ. ಗಗನಸಖಿಯರ ಸಂಖ್ಯೆ ಮಾತ್ರ ಸೀಟಿನ ಜೊತೆ ಏರಿಳಿಯುತ್ತದೆ, ಏಕೆಂದರೆ ನಿಯಮದ ಪ್ರಕಾರ 50 ಸೀಟಿಗೆ ಕನಿಷ್ಠ ಒಬ್ಬರಿರಬೇಕು. ಐವತ್ತೇ ಸೀಟಿನ ಜೆಟ್‌ಗಳು ಜಗತ್ತಿನಾದ್ಯಂತ ಏಕೆ ಅಷ್ಟು ಹುಟ್ಟಿದವು ಎಂಬುದಕ್ಕೆ ಈ ನಿಯಮವೂ ಒಂದು ಕಾರಣ. ಐವತ್ತೊಂದನೆಯ ಸೀಟು ಬಂದರೆ ಇನ್ನೊಬ್ಬರ ಸಂಬಳವೂ ಬರುತ್ತದೆ.

ಇಂಧನದಲ್ಲಿಯೂ ಸಣ್ಣ ಜೆಟ್‌ಗೆ ಅನುಕೂಲವಿಲ್ಲ. ವಿಮಾನ ಹೆಚ್ಚು ಇಂಧನ ಕುಡಿಯುವುದು ಮೇಲೇರುವಾಗ. ಎತ್ತರದಲ್ಲಿ ಸಮವಾಗಿ ಸಾಗುವಾಗ ಅದು ಮಿತವ್ಯಯಿ. ದೆಹಲಿಯಿಂದ ಲಂಡನ್‌ಗೆ ಹೋಗುವ ವಿಮಾನ ಒಮ್ಮೆ ಏರಿ ಒಂಬತ್ತು ಗಂಟೆ ಸಾಗುತ್ತದೆ. ಶಿವಮೊಗ್ಗದಿಂದ ಗೋವಾಕ್ಕೆ ಹೊರಟ ಜೆಟ್ ಏರುವುದು ಮುಗಿಯುವ ಹೊತ್ತಿಗೆ ಇಳಿಯಲು ಆರಂಭಿಸಬೇಕಾಗುತ್ತದೆ. ಕಡಿಮೆ ಎತ್ತರದಲ್ಲಿ, ಗಂಟೆಗೆ 500 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹಾರುವ ಟರ್ಬೊಪ್ರಾಪ್, ಅಂದರೆ ಹೊರಗೆ ತಿರುಗುವ ಪ್ರೊಪೆಲರ್‌ಗಳುಳ್ಳ ಎಟಿಆರ್‌ನಂಥ ವಿಮಾನ, ಇಂಥ ಗಿಡ್ಡ ದಾರಿಯನ್ನು ಜೆಟ್‌ಗಿಂತ ಬಹಳ ಕಡಿಮೆ ಇಂಧನದಲ್ಲಿ ಮುಗಿಸುತ್ತದೆ. ಜೆಟ್‌ನ ಅನುಕೂಲ ತಿಳಿಯುವುದು ದಾರಿ ಉದ್ದವಾದಾಗ, ಮುಂಗಾರಿನ ಮೋಡಗಳ ಮೇಲೆ ಹಾರಬೇಕಾದಾಗ. ಇದರ ಮೇಲೆ ಎಂಜಿನ್ ಮತ್ತು ಇಳಿಯುವ ಚಕ್ರಗಳ ಜೋಡಣೆಯ ಸವೆತವನ್ನು ಗಂಟೆಗಳಲ್ಲಿ ಮಾತ್ರವಲ್ಲದೆ ಏರಿಳಿತಗಳ ಸಂಖ್ಯೆಯಲ್ಲೂ ಎಣಿಸುತ್ತಾರೆ. ದಿನಕ್ಕೆ ಎರಡು ಸಲ ಏರಿ ಇಳಿಯುವ ವಿಮಾನಕ್ಕಿಂತ ಎಂಟು ಸಲ ಏರಿ ಇಳಿಯುವ ವಿಮಾನ ದುರಸ್ತಿಯ ಶೆಡ್ಡಿಗೆ ಬೇಗ ಬರುತ್ತದೆ. ಬಾಡಿಗೆಯಂತೂ ಡಾಲರ್‌ನಲ್ಲಿ ಕಟ್ಟಬೇಕಾದ್ದು, ವಿಮಾನ ಹಾರಿದರೂ ನಿಂತರೂ ತಪ್ಪದು. ಮಳೆಗಾಲದಲ್ಲಿ ಮೋಡ ಕೆಳಗಿಳಿದು, ಶಿವಮೊಗ್ಗದವರೆಗೂ ಬಂದ ವಿಮಾನ ಇಳಿಯಲಾಗದೆ ಹಿಂದಿರುಗಿದ ದಿನಗಳಲ್ಲಿ ಇಂಧನ, ಬಾಡಿಗೆ, ಸಂಬಳ ಮೂರೂ ಖರ್ಚಾಗಿರುತ್ತವೆ. ವರಮಾನ ಮಾತ್ರ ಇರುವುದಿಲ್ಲ.

ಇಷ್ಟೆಲ್ಲ ಪ್ರತಿಕೂಲಗಳಿದ್ದೂ ಸಣ್ಣ ವಿಮಾನ ಹಾರುತ್ತಿದೆಯೆಂದರೆ ಕೊರತೆಯನ್ನು ಯಾರೋ ತುಂಬುತ್ತಿದ್ದಾರೆ ಎಂದೇ ಅರ್ಥ. ನಮ್ಮ ದೇಶದಲ್ಲಿ ಆ ಹೊರೆಯ ದೊಡ್ಡ ಪಾಲನ್ನು ಹೊತ್ತಿರುವುದು ಸರ್ಕಾರ. ಕೇಂದ್ರ ಮಾರಾಟ ತೆರಿಗೆ ಕಾಯ್ದೆಯು 40 ಟನ್‌ಗಿಂತ ಕಡಿಮೆ ಗರಿಷ್ಠ ಹಾರಾಟ ತೂಕವಿರುವ ನಿಗದಿತ ಸೇವೆಯ ವಿಮಾನಗಳ ಇಂಧನವನ್ನು ಪ್ರತ್ಯೇಕವಾಗಿ ಗುರುತಿಸಿ, ಅದರ ಮೇಲೆ ರಾಜ್ಯಗಳು ಮನಬಂದಂತೆ ತೆರಿಗೆ ಏರಿಸದಂತೆ ಮಿತಿ ಹಾಕಿದೆ. ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ಇಳಿಯುವ ಶುಲ್ಕವಿಲ್ಲ. ಈ ಎರಡು ಸಂಖ್ಯೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ನೋಡಿದರೆ 78 ಮತ್ತು 76 ಸೀಟುಗಳ ವಿಮಾನಗಳೇ ಏಕೆ ನಮ್ಮ ಸಣ್ಣ ಊರುಗಳಿಗೆ ಬರುತ್ತವೆ ಎಂಬುದು ಹೊಳೆಯುತ್ತದೆ. ವಿಮಾನದ ಗಾತ್ರ ನಿಗದಿಯಾಗುವಲ್ಲಿ ಎಂಜಿನಿಯರರ ನಕಾಶೆಯಷ್ಟೇ ಕಾನೂನಿನ ಒಂದು ಸಾಲಿಗೂ ಪಾತ್ರವಿದೆ.

ಮೂರನೆಯದು ಉಡಾನ್ ಯೋಜನೆ. 2016ರ ಅಕ್ಟೋಬರ್‌ನಲ್ಲಿ ಘೋಷಣೆಯಾಗಿ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಆರಂಭವಾದ ಈ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ದರ ಮಿತಿಯನ್ನು ಆರಂಭದಲ್ಲಿ ಗೊತ್ತುಪಡಿಸಲಾಯಿತು. ವಿಮಾನದ ಒಂದಷ್ಟು ಸೀಟುಗಳನ್ನು ಈ ದರಕ್ಕೆ ಮಾರಬೇಕು. ಅದರಿಂದಾಗುವ ನಷ್ಟವನ್ನು ಸಹಾಯಧನವಾಗಿ ತುಂಬಿಕೊಡಲಾಗುತ್ತದೆ. ಈ ಹಣದ ಬಹುಭಾಗ ಬರುವುದು ದೊಡ್ಡ ನಗರಗಳ ನಡುವಿನ ಹಾರಾಟಗಳ ಮೇಲೆ ವಿಧಿಸಿದ ಸುಂಕದಿಂದ. ಉಳಿದ ಪಾಲನ್ನು, ಸಾಮಾನ್ಯವಾಗಿ ಶೇ 20ರಷ್ಟನ್ನು, ರಾಜ್ಯ ಕೊಡಬೇಕು. ಮುಂಬೈ–ದೆಹಲಿ ಪ್ರಯಾಣಿಕನ ಟಿಕೆಟ್ಟಿನಲ್ಲಿ ಶಿವಮೊಗ್ಗದಂಥ ಊರಿನ ಪ್ರಯಾಣಿಕನ ಪಾಲೂ ಸೇರಿರುತ್ತದೆ ಎಂದರೆ ತಪ್ಪಾಗದು. ಆದರೆ ಈ ಸಹಾಯಧನ ಮೂರು ವರ್ಷಕ್ಕೆ ಮಾತ್ರ. ಆ ಬಳಿಕ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಂತಿತೇ? ಮಹಾಲೇಖಪಾಲರ 2023ರ ವರದಿಯ ಪ್ರಕಾರ ಮೂರನೆಯ ಹಂತದವರೆಗೆ ಮಂಜೂರಾದ 774 ಮಾರ್ಗಗಳ ಪೈಕಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ 112 ಮಾತ್ರ ಮೂರು ವರ್ಷ ಪೂರೈಸಿದವು. 2023ರ ಮಾರ್ಚ್ ವೇಳೆಗೆ ಸಹಾಯಧನದ ಅವಧಿಯ ಆಚೆಗೂ ಉಳಿದಿದ್ದವು 54. ಈ ಅಂಕಿಗಳನ್ನು ನಾನು ಯೋಜನೆಯ ಮೇಲಿನ ತೀರ್ಪಾಗಿ ನೋಡುವುದಿಲ್ಲ. ಸೀಟಿನ ಲೆಕ್ಕ ಎಷ್ಟು ಕಠಿಣ ಎಂಬುದನ್ನು ಅವು ಹೇಳುತ್ತವೆ, ಅಷ್ಟೆ.

ಕೊರತೆಯ ಬಹುಭಾಗವನ್ನು ಸರ್ಕಾರ ತುಂಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಥೆ ನೋಡಬೇಕು. ಸಣ್ಣ ಜೆಟ್‌ಗಳು ಅತಿ ಹೆಚ್ಚು ಹಾರಿದ್ದು ಅಲ್ಲಿ, ಮತ್ತು ಅವುಗಳ ನಿಜವಾದ ಬೆಲೆ ಕೆಲಸಗಾರರ ಸಂಬಳದ ಚೀಟಿಯಲ್ಲಿ ಅತಿ ಸ್ಪಷ್ಟವಾಗಿ ಕಾಣಿಸಿದ್ದೂ ಅಲ್ಲಿಯೇ. ಕೆನಡಾದ ಬೊಂಬಾರ್ಡಿಯರ್ ಕಂಪನಿಯ 50 ಸೀಟಿನ ಸಿಆರ್‌ಜೆ 1992ರಲ್ಲಿ ಸೇವೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಬ್ರೆಜಿಲ್‌ನ ಎಂಬ್ರೇಯರ್ ತನ್ನ 145ನ್ನು ಮಾರುಕಟ್ಟೆಗೆ ತಂದಿತು. ಪ್ರಯಾಣಿಕರಿಗೆ ಜೆಟ್ ಇಷ್ಟವಾಯಿತು, ತೈಲ ಅಗ್ಗವಾಗಿತ್ತು. ದೊಡ್ಡ ವಿಮಾನಯಾನ ಕಂಪನಿಗಳು ಈ ಜೆಟ್‌ಗಳನ್ನು ತಾವೇ ಹಾರಿಸಲಿಲ್ಲ. ಬಾಲಕ್ಕೆ ತಮ್ಮ ಬಣ್ಣ ಬಳಿದು, ಟಿಕೆಟನ್ನು ತಮ್ಮ ಹೆಸರಿನಲ್ಲೇ ಮಾರಿ, ಹಾರಿಸುವ ಕೆಲಸವನ್ನು ಬೇರೆ ಪ್ರಾದೇಶಿಕ ಕಂಪನಿಗಳಿಗೆ ಗುತ್ತಿಗೆ ಕೊಟ್ಟವು. ಪ್ರಯಾಣಿಕ ತಾನು ಡೆಲ್ಟಾದಲ್ಲೋ ಯುನೈಟೆಡ್‌ನಲ್ಲೋ ಹೋಗುತ್ತಿದ್ದೇನೆ ಎಂದುಕೊಳ್ಳುತ್ತಿದ್ದ. ಕಾಕ್‌ಪಿಟ್‌ನಲ್ಲಿದ್ದವರಿಗೆ ಸಂಬಳ ಕೊಡುತ್ತಿದ್ದುದು ಇನ್ನೊಂದು ಕಂಪನಿ.

ಗುತ್ತಿಗೆಯ ಕರಾರು ಹೀಗಿತ್ತು. ದೊಡ್ಡ ಕಂಪನಿ ಪ್ರತಿ ಹಾರಾಟಕ್ಕೆ, ಪ್ರತಿ ಗಂಟೆಗೆ ಇಷ್ಟು ಎಂದು ನಿಗದಿತ ಹಣ ಕೊಡುತ್ತದೆ. ಇಂಧನದ ಬಿಲ್ಲು ಸಾಮಾನ್ಯವಾಗಿ ಅದರದೇ. ಟಿಕೆಟ್ ಮಾರಾಟವಾಗಲಿ ಬಿಡಲಿ ಪ್ರಾದೇಶಿಕ ಕಂಪನಿಗೆ ಅದರ ಗೊಡವೆಯಿಲ್ಲ. ದರ ನಿರ್ಧಾರ ಅದರ ಕೈಯಲ್ಲಿಲ್ಲ, ತೈಲದ ಬೆಲೆ ಅದರ ಕೈಯಲ್ಲಿಲ್ಲ, ವಿಮಾನದ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಮುಂದಿನ ಗುತ್ತಿಗೆಯಲ್ಲಿ ಪಕ್ಕದ ಕಂಪನಿಗಿಂತ ಕಡಿಮೆ ದರ ನಮೂದಿಸಲು ಅದು ಎಲ್ಲಿ ಉಳಿಸಬೇಕು? ಉಳಿದಿರುವುದು ಸಂಬಳವೊಂದೇ. ಕೆಲಸಗಾರರ ಸಂಘ ಹೆಚ್ಚು ಕೇಳಿದರೆ ಹಾರಾಟಗಳು ಇನ್ನೊಂದು ಕಂಪನಿಗೆ ಹೋಗುತ್ತವೆ ಎಂಬ ಮಾತು ಸದಾ ಗಾಳಿಯಲ್ಲಿರುತ್ತಿತ್ತು. ಇದರ ಜೊತೆಗೆ ಸೇವಾಜ್ಯೇಷ್ಠತೆಯ ನಿಯಮವೂ ಸೇರಿತು: ಪೈಲಟ್‌ನ ಸಂಬಳ, ರಜೆ, ಹಾರುವ ಮಾರ್ಗ ಎಲ್ಲವೂ ಆ ಕಂಪನಿಯಲ್ಲಿನ ಜ್ಯೇಷ್ಠತೆಯಿಂದ ಬರುವುದರಿಂದ, ಹತ್ತು ವರ್ಷ ದುಡಿದವರೂ ಬೇರೆ ಕಂಪನಿಗೆ ಹೋದರೆ ಪಟ್ಟಿಯ ತುದಿಯಲ್ಲಿ ನಿಲ್ಲಬೇಕು. ಬಿಟ್ಟುಹೋಗುವುದೂ ಸುಲಭವಲ್ಲ, ಇದ್ದು ಜಗಳವಾಡುವುದೂ ಸುಲಭವಲ್ಲ.

ದೊಡ್ಡ ಕಂಪನಿಗಳ ಪೈಲಟ್‌ಗಳು ಇದನ್ನು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ತಮ್ಮ ಕೆಲಸವೇ ಹೊರಗುತ್ತಿಗೆಗೆ ಹೋಗದಂತೆ ಅವರು ತಮ್ಮ ವೇತನ ಒಪ್ಪಂದದಲ್ಲಿ ಒಂದು ಬೇಲಿ ಹಾಕಿಸಿದರು: ಹೊರಗಿನ ಕಂಪನಿ ಹಾರಿಸಬಹುದಾದ ವಿಮಾನದ ಸೀಟು ಮತ್ತು ತೂಕಕ್ಕೆ ಮಿತಿ. ಆ ಮಿತಿ ಈಗ ಮೂರು ದೊಡ್ಡ ಕಂಪನಿಗಳಲ್ಲಿ ಹೆಚ್ಚೆಂದರೆ 76 ಸೀಟು ಮತ್ತು 86,000 ಪೌಂಡ್, ಅಂದರೆ ಸುಮಾರು 39 ಟನ್. ನಮ್ಮ ತೆರಿಗೆ ಕಾಯ್ದೆಯ 40 ಟನ್ನಿಗೂ ಅಮೆರಿಕದ ಕಾರ್ಮಿಕ ಒಪ್ಪಂದದ 39 ಟನ್ನಿಗೂ ಯಾವ ಸಂಬಂಧವೂ ಇಲ್ಲ, ಆದರೂ ಒಂದೇ ವಿಮಾನ ಎರಡೂ ಬೇಲಿಗಳೊಳಗೆ ಹಿಡಿಸುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಬಹಳ ಹಿಡಿಸಿದ ಸಂಗತಿ. ಎಂಬ್ರೇಯರ್ ಕಡಿಮೆ ಇಂಧನ ಕುಡಿಯುವ ಹೊಸ ಎಂಜಿನ್‌ನ ಇ175-ಇ2 ರೂಪಿಸಿತು. ಎಂಜಿನ್ ಭಾರವಾದ್ದರಿಂದ ಅದು ಈ ಬೇಲಿಯನ್ನು ದಾಟಿತು, ಕೊಳ್ಳುವವರಿಲ್ಲದೆ ಯೋಜನೆ ತಡೆಹಿಡಿಯಲ್ಪಟ್ಟಿತು. ಹಳೆಯ ಇ175 ಇಂದಿಗೂ ಮಾರಾಟವಾಗುತ್ತಿದೆ. ಯುನೈಟೆಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಂದದ ಇನ್ನೊಂದು ಮಿತಿಗೆ ಒಗ್ಗಿಸಲು, 70 ಸೀಟು ಹಿಡಿಸುವ ಸಿಆರ್‌ಜೆ ಮಾದರಿಯೊಂದರಲ್ಲಿ 50 ಸೀಟು ಮಾತ್ರ ಇಟ್ಟು ಹಾರಿಸಿತು.

ಬೇಲಿಯೊಳಗೆ ಸಿಕ್ಕಿದವರ ಪಾಡು ಹೇಗಿತ್ತು? ಸಿನ್ಸಿನಾಟಿ ಕೇಂದ್ರಿತ ಕಾಮೇರ್ ಎಂಬ ಪ್ರಾದೇಶಿಕ ಕಂಪನಿಯ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಹೂಡಿ ಸಂಬಳ ಏರಿಸಿಕೊಂಡರು. 2012ರ ಸೆಪ್ಟೆಂಬರ್‌ನಲ್ಲಿ ಮಾಲೀಕ ಕಂಪನಿ ಡೆಲ್ಟಾ ಕಾಮೇರನ್ನೇ ಮುಚ್ಚಿತು. ಅದು ಕೊಟ್ಟ ಕಾರಣ ವೆಚ್ಚ ಹೆಚ್ಚು ಎಂಬುದು. 2009ರ ಫೆಬ್ರವರಿ 12ರ ರಾತ್ರಿ ಬಫಲೊ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಮಂದಿ ಸತ್ತರು. ಅದು ಜೆಟ್ ಆಗಿರಲಿಲ್ಲ, ಟರ್ಬೊಪ್ರಾಪ್. ಆದರೆ ಗುತ್ತಿಗೆಯ ವ್ಯವಸ್ಥೆ ಅದೇ. ವೇಗ ತೀರ ಕುಸಿದಾಗ ಕ್ಯಾಪ್ಟನ್ ಮಾಡಬೇಕಾದ್ದಕ್ಕೆ ವಿರುದ್ಧವಾಗಿ ವರ್ತಿಸಿದ್ದೇ ಅಪಘಾತಕ್ಕೆ ಕಾರಣ ಎಂದು ತನಿಖೆ ತೀರ್ಮಾನಿಸಿತು. ವಿಚಾರಣೆಯಲ್ಲಿ ಜನರನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ವಿವರ. 24 ವರ್ಷದ ಸಹ ಪೈಲಟ್ ಕೆಲಸಕ್ಕೆ ಹಾಜರಾಗಲು ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ರಾತ್ರಿಯೆಲ್ಲ ಸರಕು ವಿಮಾನಗಳಲ್ಲಿ ಕುಳಿತು ಬಂದಿದ್ದಳು; ಅವಳ ವರ್ಷದ ಸಂಬಳವೆಂದು ಅಲ್ಲಿ ಹೊರಬಿದ್ದ ಅಂಕಿ 16,000 ಡಾಲರ್‌ನ ಆಸುಪಾಸು. ದಣಿವಿನ ಪಾಲೆಷ್ಟು ಎಂದು ತನಿಖಾಧಿಕಾರಿಗಳು ಅಳೆದು ಹೇಳಲಿಲ್ಲ. ಆದರೆ ಅಮೆರಿಕದ ಸಂಸತ್ತು ಮುಂದಿನ ವರ್ಷವೇ ಕಾನೂನು ತಂದಿತು. 2013ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಸಹ ಪೈಲಟ್‌ಗೂ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯವಾಯಿತು. ಅದಕ್ಕೆ ಮುಂಚೆ 250 ಗಂಟೆ ಸಾಕಾಗುತ್ತಿತ್ತು.

ಅಗ್ಗದ ಪೈಲಟ್‌ಗಳ ಸರಬರಾಜು ಕ್ರಮೇಣ ಬತ್ತಿತು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪನಿಗಳು ಹಿರಿಯರನ್ನು ಸ್ವಯಂ ನಿವೃತ್ತಿಗೊಳಿಸಿದವು. ಪ್ರಯಾಣಿಕರು ಮರಳಿದ ಕೂಡಲೇ ಆ ಜಾಗಗಳಿಗೆ ಪ್ರಾದೇಶಿಕ ಕಂಪನಿಗಳ ಪೈಲಟ್‌ಗಳನ್ನು ಎಳೆದುಕೊಂಡವು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳು ಹೊಸ ಸಹ ಪೈಲಟ್‌ಗೆ ತಾತ್ಕಾಲಿಕ ಹೆಚ್ಚಳವೂ ಸೇರಿ ಗಂಟೆಗೆ 90 ಡಾಲರ್ ಕೊಡುವುದಾಗಿ ಪ್ರಕಟಿಸಿದವು. ಅದೇ ವರ್ಷ ಸ್ಕೈವೆಸ್ಟ್ ಕಂಪನಿ ಸರ್ಕಾರಿ ಸಹಾಯಧನ ಪಡೆಯುತ್ತಿದ್ದ 29 ಸಣ್ಣ ಊರುಗಳ ಸೇವೆ ಬಿಡುವುದಾಗಿ ಅರ್ಜಿ ಹಾಕಿತು. ಅಮೆರಿಕನ್ ಏರ್‌ಲೈನ್ಸ್ ಟೊಲೀಡೊ, ಇಥಾಕಾ ಮುಂತಾದ ಊರುಗಳನ್ನು ಬಿಟ್ಟಿತು. 50 ಸೀಟಿನ ಜೆಟ್‌ಗಳು ಸಾಲುಸಾಲಾಗಿ ಮರುಭೂಮಿಯ ನಿಲುಗಡೆ ಸೇರಿದವು. ಸಂಬಳ ನ್ಯಾಯವಾದ ಮಟ್ಟಕ್ಕೆ ಬಂದ ಕೂಡಲೇ ಆ ವಿಮಾನ ಲಾಭದಾಯಕವಾಗಿ ಉಳಿಯಲಿಲ್ಲ. ಸಣ್ಣ ಜೆಟ್ ಅಗ್ಗವಾಗಿದ್ದದ್ದು ಯಂತ್ರದ ಗುಣದಿಂದ ಅಲ್ಲ, ಅದನ್ನು ಹಾರಿಸುವವರು ಅಗ್ಗವಾಗಿ ಸಿಕ್ಕಿದ್ದರಿಂದ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಕಾಣದು.

ನಮ್ಮಲ್ಲಿ ವ್ಯವಸ್ಥೆ ಹಾಗಿಲ್ಲ. ಇಂಡಿಗೊ ತನ್ನ ಎಟಿಆರ್‌ಗಳನ್ನು ತಾನೇ ಹಾರಿಸುತ್ತದೆ. ಸ್ಟಾರ್ ಏರ್ ತನ್ನದೇ ಹೆಸರಿನಲ್ಲಿ ಟಿಕೆಟ್ ಮಾರುತ್ತದೆ. ಆದರೂ ಒತ್ತಡ ಬೇರೆ ದಾರಿಗಳಲ್ಲಿ ಕೆಲಸಗಾರರನ್ನು ಮುಟ್ಟುತ್ತದೆ, ಮತ್ತು ಅದರ ಮೂಲ ಇರುವುದು ಪರವಾನಗಿಯಲ್ಲಿ. ಪೈಲಟ್‌ನ ಪರವಾನಗಿಯೂ ನಿರ್ವಹಣಾ ಎಂಜಿನಿಯರ್‌ನ ಪರವಾನಗಿಯೂ ವಿಮಾನದ ಮಾದರಿಗೆ ಅಂಟಿಕೊಂಡಿರುತ್ತವೆ. ಟೆಂಪೊ ಓಡಿಸಿದವನು ನಾಳೆ ಲಾರಿ ಹತ್ತಿದಂತೆ ಅಲ್ಲ. ಎಂಬ್ರೇಯರ್ ಹಾರಿಸುವವರು ಏರ್‌ಬಸ್ ಹಾರಿಸಬೇಕಾದರೆ ಲಕ್ಷಗಟ್ಟಲೆ ರೂಪಾಯಿಯ ಇನ್ನೊಂದು ತರಬೇತಿ ಮುಗಿಸಬೇಕು. ಎಟಿಆರ್ ಬಲ್ಲವರಿಗೆ ಇಂಡಿಗೊ, ಅಲಯನ್ಸ್ ಏರ್, 2024ರಲ್ಲಿ ಹಾರಾಟ ಆರಂಭಿಸಿದ ಗೋವಾದ ಫ್ಲೈ91 ಎಂದು ಮೂರು ನಾಲ್ಕು ಬಾಗಿಲುಗಳಿವೆ. ಎಂಬ್ರೇಯರ್ ಬಲ್ಲವರಿಗೆ ದೇಶದ ನಿಗದಿತ ಸೇವೆಯಲ್ಲಿ ಸ್ಟಾರ್ ಏರ್ ಬಿಟ್ಟರೆ ಹೇಳಿಕೊಳ್ಳುವಂಥ ಬಾಗಿಲು ಇನ್ನೊಂದಿಲ್ಲ. ತರಬೇತಿಗೆ ಬದಲಾಗಿ ಇಷ್ಟು ವರ್ಷ ಇಲ್ಲೇ ದುಡಿಯುತ್ತೇನೆ ಎಂಬ ಬಾಂಡ್ ಬರೆಸಿಕೊಳ್ಳುವುದು ಈ ಉದ್ಯಮದ ರೂಢಿ. ಇದರ ಮೇಲೆ 2017ರ ಸರ್ಕಾರಿ ನಿಯಮದಂತೆ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷದ, ಸಹ ಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕು. ಸಣ್ಣ ಕಂಪನಿಯೊಂದು ಏಕಾಏಕಿ ಬರಿದಾಗದಂತೆ ಕಾಪಾಡುವ ನಿಯಮವದು ಎಂಬ ವಾದದಲ್ಲಿ ಹುರುಳಿದೆ. ಕೆಲಸಗಾರನ ಚೌಕಾಸಿಯ ಶಕ್ತಿಯನ್ನು ಅದು ಕಿತ್ತುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ದುಡಿಮೆಯ ಸ್ವರೂಪವೂ ಬೇರೆ. ಪೈಲಟ್ ಮತ್ತು ಗಗನಸಖಿಯರ ಗಳಿಕೆಯ ಗಣನೀಯ ಭಾಗ ಹಾರಿದ ಗಂಟೆಗಳ ಮೇಲೆ ನಿಂತಿದೆ, ಮತ್ತು ಆ ಗಂಟೆಗಳ ಎಣಿಕೆ ವಿಮಾನ ನಿಂತ ಜಾಗದಿಂದ ಕದಲಿದಾಗ ಆರಂಭವಾಗಿ, ಮತ್ತೆ ನಿಂತಾಗ ಮುಗಿಯುತ್ತದೆ. ಸಿಂಗಪುರಕ್ಕೆ ಹೋಗಿಬರುವವರು ಎರಡು ಬಾರಿ ಏರಿ ಇಳಿದು ಎಂಟು ಒಂಬತ್ತು ಗಂಟೆ ಗಳಿಸುತ್ತಾರೆ. ಬೆಂಗಳೂರು, ಶಿವಮೊಗ್ಗ, ಹೈದರಾಬಾದ್ ಎಂದು ಸುತ್ತುವವರು ಅದೇ ಹೊತ್ತು ಸಮವಸ್ತ್ರದಲ್ಲಿದ್ದರೂ ಪ್ರತಿ ನಿಲ್ದಾಣದ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಣಿಕೆಗೆ ಬರುವುದಿಲ್ಲ. ಕೆಲಸದ ಅತ್ಯಂತ ಒತ್ತಡದ ಹೊತ್ತೆಂದರೆ ಏರಿಕೆ ಮತ್ತು ಇಳಿಕೆ; ಅದು ಇವರಿಗೇ ಹೆಚ್ಚು. ಇಳಿಕೆಗಳ ಸಂಖ್ಯೆ ಹೆಚ್ಚಿದಂತೆ ದಿನದ ಕರ್ತವ್ಯದ ಮಿತಿ ಕಡಿಮೆಯಾಗಬೇಕು ಎಂದು ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಹೇಳುವುದು ಇದೇ ಕಾರಣಕ್ಕೆ. ಯುವ ಪೈಲಟ್‌ಗಳು ಇದನ್ನೆಲ್ಲ ಸಹಿಸುವುದು ಗಂಟೆಗಳ ಸಂಪಾದನೆಗಾಗಿ: 200 ಗಂಟೆಗಳಲ್ಲಿ ವಾಣಿಜ್ಯ ಪರವಾನಗಿ ಸಿಗುವ ದೇಶದಲ್ಲಿ ಸಣ್ಣ ವಿಮಾನವೆಂದರೆ ದೊಡ್ಡ ವಿಮಾನಕ್ಕೆ ಹತ್ತುವ ಮೆಟ್ಟಿಲು. ಮೆಟ್ಟಿಲಿನ ಮೇಲೆ ಯಾರೂ ಮನೆ ಕಟ್ಟುವುದಿಲ್ಲವಾದ್ದರಿಂದ ಸಣ್ಣ ಕಂಪನಿ ಸದಾ ಹೊಸಬರಿಗೆ ತರಬೇತಿ ಕೊಡುತ್ತಲೇ ಇರಬೇಕು. ಆ ಖರ್ಚೂ ಎಪ್ಪತ್ತಾರು ಸೀಟುಗಳ ಮೇಲೆಯೇ ಬೀಳುತ್ತದೆ.

ನೆಲದ ಮೇಲಿನವರನ್ನು ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆಯುತ್ತಾರೆ. ಸಣ್ಣ ನಿಲ್ದಾಣವೊಂದರಲ್ಲಿ ಒಂದು ಮಧ್ಯಾಹ್ನ ವಿಮಾನಕ್ಕಾಗಿ ಕಾಯುತ್ತಿದ್ದಾಗ ನಾನು ಕಂಡದ್ದು ಇದು. ಕೌಂಟರಿನಲ್ಲಿ ನನ್ನ ಚೀಲ ತೂಗಿ ಬೋರ್ಡಿಂಗ್ ಪಾಸ್ ಕೊಟ್ಟ ಯುವತಿಯೇ ನಲವತ್ತು ನಿಮಿಷದ ಬಳಿಕ ಗೇಟಿನಲ್ಲಿ ನಿಂತು ಆ ಪಾಸ್ ಹರಿದುಕೊಟ್ಟಳು. ಆಮೇಲೆ ಹಳದಿ ಜಾಕೆಟ್ ಹಾಕಿಕೊಂಡು, ಗಾಲಿಕುರ್ಚಿಯಲ್ಲಿದ್ದ ಹಿರಿಯರೊಬ್ಬರ ಜೊತೆ ವಿಮಾನದವರೆಗೂ ನಡೆದುಬಂದಳು. "ಎಲ್ಲ ನೀವೇ ಮಾಡ್ತೀರಲ್ಲ?" ಎಂದು ಕೇಳಿದೆ. "ದಿನಕ್ಕೆ ಮೂರ್ನಾಲ್ಕು ಫ್ಲೈಟ್ ಅಷ್ಟೇ ಅಲ್ವಾ ಸರ್, ಬೇರೆ ಬೇರೆ ಜನ ಇಟ್ರೆ ಪೂರೈಸಲ್ಲ" ಎಂದಳು. ಅವಳ ಉತ್ತರದಲ್ಲಿ ಕಂಪನಿಯ ಲೆಕ್ಕಪತ್ರ ಪೂರ್ತಿ ಇತ್ತು. ವಿಮಾನಗಳು ಕಡಿಮೆ ಇರುವಲ್ಲಿ ಕೆಲಸ ದಿನವಿಡೀ ಇರುವುದಿಲ್ಲ, ಇರುವಾಗ ಎಲ್ಲವೂ ಒಟ್ಟಿಗೆ ಬರುತ್ತದೆ. ಹಾಗಾಗಿ ಕಾಯಂ ನೌಕರರ ಬದಲು ಹೊರಗುತ್ತಿಗೆಯವರನ್ನು ಇಟ್ಟು, ಒಬ್ಬರಿಂದಲೇ ಮೂವರ ಕೆಲಸ ಮಾಡಿಸುವುದು ಎಲ್ಲ ಕಡೆಯ ಪದ್ಧತಿ. ನಿಲ್ದಾಣ ಬಂದರೆ ಊರಿನ ಮಕ್ಕಳಿಗೆ ಕೆಲಸ ಸಿಗುತ್ತದೆ ಎನ್ನುವಾಗ ಎಷ್ಟು ಎಂಬುದಕ್ಕಿಂತ ಎಂಥ ಕೆಲಸ ಎಂದು ಕೇಳಬೇಕಾದ್ದು ಇದಕ್ಕಾಗಿ.

ಕೊನೆಯದಾಗಿ, ಕಂಪನಿಯೇ ಮುಳುಗುವ ಅಪಾಯ. ಸ್ಟಾರ್ ಏರ್‌ಗಿಂತ ಮುಂಚೆ ಎಂಬ್ರೇಯರ್ ಜೆಟ್‌ಗಳನ್ನು ನಂಬಿ ಬಂದ ದಕ್ಷಿಣದ ಕಂಪನಿಗಳು ಎರಡು. 2005ರಲ್ಲಿ ಹಾರಾಟ ಆರಂಭಿಸಿದ ಪ್ಯಾರಮೌಂಟ್ 2010ರಲ್ಲಿ ನಿಂತಿತು. 2013ರಲ್ಲಿ ಬಂದ ವಿಜಯವಾಡದ ಏರ್ ಕೋಸ್ಟಾ 2017ರಲ್ಲಿ ನಿಂತಿತು. ಎಟಿಆರ್‌ಗಳೊಂದಿಗೆ 2015ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ ಏರ್ ಪೆಗಾಸಸ್ ಮರುವರ್ಷವೇ ರೆಕ್ಕೆ ಮಡಚಿತು. ಬ್ಯಾಂಕಿನವರು, ವಿಮಾನ ಬಾಡಿಗೆ ಕೊಟ್ಟವರು ಕರಾರುಪತ್ರ ಹಿಡಿದು ಬರುತ್ತಾರೆ. ವಿಮಾನದ ಮಾಲೀಕ ತನ್ನ ವಿಮಾನವನ್ನು ಎಬ್ಬಿಸಿಕೊಂಡು ಹೋಗುತ್ತಾನೆ. ಬಾಕಿ ಸಂಬಳದವರ ಕೈಯಲ್ಲಿ ಎಬ್ಬಿಸಿಕೊಂಡು ಹೋಗುವಂಥದ್ದೇನೂ ಇರುವುದಿಲ್ಲ.

ಮಲೆನಾಡಿನವರಿಗೆ ಈ ಕಥೆ ಹೊಸದೇನಲ್ಲ. ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಮಾಲೀಕರಾಗಿದ್ದ ಆ ಸಹಕಾರ ಸಾರಿಗೆ ಸುಮಾರು ಮೂರು ದಶಕ ನಮ್ಮ ಹಳ್ಳಿಹಳ್ಳಿಗೂ ಬಂತು. ಸಂಬಳವನ್ನು ಹಿಂಡಿ ಲಾಭ ಮಾಡುವ ಮಾಲೀಕ ಅಲ್ಲಿರಲಿಲ್ಲ. ಆದರೂ ಡೀಸೆಲ್ ದರ ಏರುತ್ತ, ಖಾಲಿ ಸೀಟುಗಳು ಹೆಚ್ಚುತ್ತ ಹೋದಾಗ 2020ರಲ್ಲಿ ಬಸ್ಸುಗಳು ನಿಂತವು. ಸೀಟಿನ ಲೆಕ್ಕಕ್ಕೆ ಮಾಲೀಕ ಯಾರೆಂಬುದು ಗೊತ್ತಾಗುವುದಿಲ್ಲ.

ಸೋಗಾನೆಯಿಂದ ಉಡಾನ್ ಅಡಿಯಲ್ಲಿ 2023ರ ನವೆಂಬರ್‌ನಲ್ಲಿ ಆರಂಭವಾದ ಮಾರ್ಗಗಳಿಗೆ ಮೂರು ವರ್ಷ ತುಂಬುವುದು 2026ರ ನವೆಂಬರ್‌ನಲ್ಲಿ. ಸಹಾಯಧನದ ಸಾಲನ್ನು ತೆಗೆದು ಅದೇ ಲೆಕ್ಕವನ್ನು ಮತ್ತೊಮ್ಮೆ ಕೂಡಿಸುವಾಗ ಇಂಧನದ ದರವನ್ನು ಕಂಪನಿ ಬದಲಾಯಿಸಲಾರದು, ಡಾಲರ್ ಬಾಡಿಗೆಯನ್ನೂ ಬದಲಾಯಿಸಲಾರದು, ರೈಲು ಓಡುವವರೆಗೆ ಟಿಕೆಟ್ ದರವನ್ನು ಹೆಚ್ಚು ಏರಿಸಲೂ ಆರದು. ಪಟ್ಟಿಯಲ್ಲಿ ಉಳಿಯುವ ಸಾಲುಗಳೆಂದರೆ ಹಾರಾಟಗಳ ಸಂಖ್ಯೆ ಮತ್ತು ಸಂಬಳ.